ಪ್ರಥಮ ವರ್ಷದಲ್ಲಿದ್ದುಕೊಂಡೇ ಬೇರೆ ವಿಶ್ವವಿದ್ಯಾಲಯಕ್ಕೆ ಅರ್ಜಿ: ಹಾಸನ, ಚಿಕ್ಕಮಗಳೂರಿನ ವಿದ್ಯಾರ್ಥಿಗಳಿಗೆ ಸಮಗ್ರ ಮಾರ್ಗದರ್ಶಿ

ಮೊದಲ ಸೆಮಿಸ್ಟರಿನ ಪರೀಕ್ಷೆ ಮುಗಿದು ಎರಡನೆಯದರ ತರಗತಿಗಳು ಶುರುವಾಗುವ ಹೊತ್ತಿಗೆ ಹಾಸನದ ನಮ್ಮ ಕಾಲೇಜು ಕಚೇರಿಯ ಕಿಟಕಿಯ ಎದುರು ಪ್ರಥಮ ವರ್ಷದ ಒಬ್ಬಿಬ್ಬರು ಪ್ಲಾಸ್ಟಿಕ್ ಫೈಲು ಹಿಡಿದು ನಿಂತಿರುತ್ತಾರೆ. ಅವರೆಲ್ಲರ ಕೋರಿಕೆ ಒಂದೇ: "ಸಾರ್, ಟಿಸಿ ಬೇಕಿತ್ತು." ಒಬ್ಬರಿಗೆ ಮತ್ತೊಮ್ಮೆ ನೀಟ್ ಬರೆಯುವ ಆಸೆ, ಇನ್ನೊಬ್ಬರಿಗೆ ಮೈಸೂರಿನಲ್ಲಿ ಓದುವ ಆಸೆ, ಮತ್ತೊಬ್ಬರಿಗೆ ಕಳೆದ ಬಾರಿ ಸಿಇಟಿಯಲ್ಲಿ ಕೈತಪ್ಪಿದ ಕೃಷಿ ಪದವಿಯ ಸೀಟನ್ನು ಈ ಬಾರಿಯಾದರೂ ಪಡೆಯಬೇಕೆಂಬ ಹಟ. ಈ ಆಸೆಗಳಲ್ಲಿ ಯಾವುದೂ ತಪ್ಪಲ್ಲ. ಆದರೆ ಪ್ರವೇಶ ಸಮಿತಿಯಲ್ಲಿ ಹಲವು ವರ್ಷ ಕೆಲಸ ಮಾಡಿದ ಅಧ್ಯಾಪಕನಾಗಿ ಅವರಿಗೆ ನಾನು ಹೇಳುತ್ತ ಬಂದಿರುವುದು ಇಷ್ಟೇ: ವರ್ಗಾವಣೆ ಪತ್ರ, ಅಂದರೆ ಟಿಸಿ, ಈ ದಾರಿಯ ಕೊನೆಯ ಹೆಜ್ಜೆ. ಹೊಸ ಸೀಟಿನ ಪ್ರವೇಶ ಆದೇಶ ಕೈಗೆ ಬರುವ ತನಕ ಹಳೆಯ ಸೀಟನ್ನು ಬಿಡಬಾರದು.

ಆಲೂರು ಕಡೆಯ ಹುಡುಗನೊಬ್ಬ ಒಂದು ವರ್ಷ ಫೆಬ್ರವರಿಯಲ್ಲೇ ಟಿಸಿ ಪಡೆದು, ಮನೆಯಲ್ಲಿ ಕುಳಿತು ನೀಟ್‌ಗೆ ಓದುತ್ತೇನೆಂದು ಹೋದ. ಆ ವರ್ಷ ಅವನಿಗೆ ಸೀಟು ಸಿಗುವಷ್ಟು ಅಂಕ ಬರಲಿಲ್ಲ. ಜುಲೈನಲ್ಲಿ ತಂದೆಯೊಂದಿಗೆ ಮರಳಿ ಬಂದಾಗ ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮೇಲೆ ಕೆಂಪು ಗೆರೆ ಬಿದ್ದಿತ್ತು. ಎರಡನೇ ಸೆಮಿಸ್ಟರಿನ ಪರೀಕ್ಷೆಗೆ ಕೂರದೆ ಇದ್ದುದರಿಂದ ಅವನು ಹೊಸಬರ ಜೊತೆ ಪ್ರಥಮ ವರ್ಷವನ್ನೇ ಮತ್ತೆ ಓದಬೇಕಾಯಿತು. ಟಿಸಿ ತೆಗೆದುಕೊಳ್ಳದೆ ಇದ್ದಿದ್ದರೆ ಅವನು ಅದೇ ನೀಟ್ ಬರೆದು, ಸೀಟು ಸಿಗದಿದ್ದರೂ ದ್ವಿತೀಯ ವರ್ಷದಲ್ಲಿ ಕುಳಿತಿರುತ್ತಿದ್ದ. ಪ್ರವೇಶ ಪರೀಕ್ಷೆ ಬರೆಯಲು ಓದುತ್ತಿರುವ ಕಾಲೇಜನ್ನು ಬಿಡಬೇಕೆಂಬ ನಿಯಮ ಸಿಇಟಿಯಲ್ಲೂ ಇಲ್ಲ, ನೀಟ್‌ನಲ್ಲೂ ಇಲ್ಲ.

ಹೊಸ ಪ್ರವೇಶವೋ, ವರ್ಗಾವಣೆಯೋ

ಬೇರೆ ವಿಶ್ವವಿದ್ಯಾಲಯಕ್ಕೆ ಹೋಗಲು ಎರಡು ದಾರಿಗಳಿವೆ. ಇವೆರಡನ್ನೂ ಒಂದೇ ಎಂದು ತಿಳಿದುಕೊಂಡು ತಿಂಗಳುಗಟ್ಟಲೆ ಅಲೆದವರನ್ನು ನೋಡಿದ್ದೇನೆ. ಮೊದಲನೆಯದು ಹೊಸ ಪ್ರವೇಶ: ಪಿಯುಸಿ ಅಂಕ ಅಥವಾ ಪ್ರವೇಶ ಪರೀಕ್ಷೆಯ ರ‍್ಯಾಂಕ್ ಆಧಾರದ ಮೇಲೆ ಮುಂದಿನ ವರ್ಷ ಮತ್ತೆ ಪ್ರಥಮ ವರ್ಷಕ್ಕೇ ಸೇರುವುದು. ಇದರಲ್ಲಿ ಈಗ ಓದಿದ ಒಂದು ವರ್ಷ ಲೆಕ್ಕಕ್ಕೆ ಬರುವುದಿಲ್ಲ, ಆದರೆ ಕೋರ್ಸನ್ನೇ ಬದಲಿಸಬಹುದು. ಎರಡನೆಯದು ವರ್ಗಾವಣೆ: ಪ್ರಥಮ ವರ್ಷವನ್ನು ಇಲ್ಲೇ ಮುಗಿಸಿ, ಅದೇ ಪದವಿಯ ಮೂರನೇ ಸೆಮಿಸ್ಟರಿಗೆ ಬೇರೆ ಕಡೆ ಸೇರುವುದು. ಇದರಲ್ಲಿ ವರ್ಷ ಉಳಿಯುತ್ತದೆ, ಆದರೆ ಓದುವ ವಿಷಯಗಳು ಹೆಚ್ಚುಕಡಿಮೆ ಅವೇ ಆಗಿರಬೇಕು.

ಯಾವುದು ನಿಮ್ಮ ದಾರಿ ಎಂದು ತಿಳಿಯಲು ನಿಮಗೆ ಬೇಡವಾಗಿರುವುದು ಕೋರ್ಸೋ, ಕಾಲೇಜೋ ಎಂದು ಕೇಳಿಕೊಳ್ಳಿ. ಬಿ.ಎಸ್ಸಿ. ಓದುತ್ತಿರುವವರಿಗೆ ಪಶುವೈದ್ಯಕೀಯ ಓದಬೇಕೆನಿಸಿದರೆ ಹೊಸ ಪ್ರವೇಶವಲ್ಲದೆ ಬೇರೆ ದಾರಿ ಇಲ್ಲ. ಇಲ್ಲಿ ಬಿ.ಕಾಂ. ಓದುತ್ತಿರುವವರಿಗೆ ಮನೆಯವರ ವರ್ಗಾವಣೆಯ ಕಾರಣಕ್ಕೋ ಹಾಸ್ಟೆಲ್ಲಿನ ಕಾರಣಕ್ಕೋ ಶಿವಮೊಗ್ಗದಲ್ಲಿ ಬಿ.ಕಾಂ. ಓದಬೇಕಾಗಿದ್ದರೆ ಒಂದು ವರ್ಷ ಕಳೆದುಕೊಳ್ಳುವ ಅಗತ್ಯವೇ ಇಲ್ಲ. ಊರು ಬಿಟ್ಟು ಬಂದ ಮೊದಲ ಮೂರು ತಿಂಗಳ ಬೇಸರವನ್ನು ಕೋರ್ಸಿನ ಮೇಲಿನ ಬೇಸರ ಎಂದುಕೊಳ್ಳುವವರೂ ಇದ್ದಾರೆ. ಅಂಥವರು ಮೊದಲ ಸೆಮಿಸ್ಟರಿನ ಫಲಿತಾಂಶ ಬರುವವರೆಗೆ ಕಾದು ನಿರ್ಧರಿಸುವುದು ಒಳ್ಳೆಯದು.

ಯಾವ ವಿಶ್ವವಿದ್ಯಾಲಯದಿಂದ ಯಾವುದಕ್ಕೆ ಹೋಗುತ್ತಿದ್ದೀರಿ ಎಂಬುದನ್ನೂ ಖಚಿತಪಡಿಸಿಕೊಳ್ಳಿ. ಇದು ಅಷ್ಟು ಸರಳವಾಗಿಲ್ಲ. ಚಿಕ್ಕಮಗಳೂರು ಜಿಲ್ಲೆಯ ಪದವಿ ಕಾಲೇಜುಗಳು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ವ್ಯಾಪ್ತಿಯವು. ಹಾಸನ ಜಿಲ್ಲೆಯ ಕಾಲೇಜುಗಳು ಬಹುಕಾಲ ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದವು. 2023ರಲ್ಲಿ ಅದರ ಸ್ನಾತಕೋತ್ತರ ಕೇಂದ್ರವಾಗಿದ್ದ ಹೇಮಗಂಗೋತ್ರಿಯನ್ನು ಕೇಂದ್ರವಾಗಿಟ್ಟುಕೊಂಡು ಹಾಸನ ವಿಶ್ವವಿದ್ಯಾಲಯ ಆರಂಭವಾಯಿತು. ಹೀಗಾಗಿ ಹಿಂದೆ ಹಾಸನದಿಂದ ಮೈಸೂರಿಗೆ ಹೋಗುವುದು ಒಂದೇ ವಿಶ್ವವಿದ್ಯಾಲಯದೊಳಗಿನ ಕಾಲೇಜು ಬದಲಾವಣೆಯಾಗಿದ್ದರೆ, ಈಗ ಅದು ವಿಶ್ವವಿದ್ಯಾಲಯದ ಬದಲಾವಣೆಯೇ ಆಗಬಹುದು. ಅಣ್ಣನೋ ಅಕ್ಕನೋ ಐದು ವರ್ಷದ ಹಿಂದೆ ಮಾಡಿದಂತೆಯೇ ಮಾಡಲು ಹೊರಡಬೇಡಿ. ನಿಮ್ಮ ಮೊದಲ ಸೆಮಿಸ್ಟರಿನ ಅಂಕಪಟ್ಟಿಯ ತಲೆಯಲ್ಲಿ ಯಾವ ವಿಶ್ವವಿದ್ಯಾಲಯದ ಹೆಸರಿದೆ ಎಂಬುದನ್ನು ನೋಡಿ ಅಲ್ಲಿಂದ ಲೆಕ್ಕ ಹಾಕಿ. ಎಂಜಿನಿಯರಿಂಗ್‌ನವರಿಗೆ ಇದಕ್ಕೆ ವಿರುದ್ಧವಾದ ಅನುಕೂಲವಿದೆ. ಚಿಕ್ಕಮಗಳೂರಿನ ಆದಿಚುಂಚನಗಿರಿ ತಾಂತ್ರಿಕ ವಿದ್ಯಾಲಯವೂ ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜೂ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಡಿ ಬರುತ್ತವೆ. ಒಂದರಿಂದ ಇನ್ನೊಂದಕ್ಕೆ ಹೋಗಬೇಕೆಂದರೆ ಮತ್ತೆ ಸಿಇಟಿ ಬರೆಯುವ ಮುನ್ನ ಎರಡನೇ ವರ್ಷದ ಆರಂಭದಲ್ಲಿ ಕಾಲೇಜು ಬದಲಾವಣೆಗೆ ಅವಕಾಶವಿದೆಯೇ ಎಂದು ವಿಚಾರಿಸಬೇಕು.

ಯಾವ ಪರೀಕ್ಷೆಗೆ ಇನ್ನೂ ಅವಕಾಶವಿದೆ

ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಸಿಇಟಿಯನ್ನು ಪಿಯುಸಿ ಮುಗಿಸಿದ ಮೇಲೆ ಮತ್ತೆ ಬರೆಯಬಹುದು. ಆದರೆ ಕಳೆದ ವರ್ಷದ ರ‍್ಯಾಂಕ್ ಈ ವರ್ಷ ನಡೆಯುವುದಿಲ್ಲ, ಹೊಸದಾಗಿ ಅರ್ಜಿ ಹಾಕಿ ಹೊಸದಾಗಿ ಪರೀಕ್ಷೆ ಬರೆಯಲೇಬೇಕು. ನೀಟ್‌ಗೂ ಪ್ರಯತ್ನಗಳ ಮಿತಿಯಿಲ್ಲ, ಗರಿಷ್ಠ ವಯಸ್ಸಿನ ಮಿತಿಯೂ ಇಲ್ಲ. ರಾಷ್ಟ್ರಮಟ್ಟದ ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಯಾದ ಜೆಇಇ ಮೇನ್ ಅನ್ನು ಪಿಯುಸಿ ಪಾಸಾದ ವರ್ಷವೂ ಸೇರಿ ಸತತ ಮೂರು ವರ್ಷ ಬರೆಯಬಹುದು. ಜೆಇಇ ಅಡ್ವಾನ್ಸ್‌ಡ್‌ಗೆ ಮಾತ್ರ ಸತತ ಎರಡೇ ವರ್ಷ; ಅಂದರೆ ಪಿಯುಸಿ ಮುಗಿಸಿ ನೇರವಾಗಿ ಪ್ರಥಮ ವರ್ಷಕ್ಕೆ ಸೇರಿದವರಿಗೆ ಈ ವರ್ಷವೇ ಕೊನೆಯ ಅವಕಾಶ. ಈಗಾಗಲೇ ಯಾವುದಾದರೂ ಐಐಟಿಯಲ್ಲಿ ಪ್ರವೇಶ ಪಡೆದವರು ಅದನ್ನು ಮತ್ತೆ ಬರೆಯುವಂತಿಲ್ಲ. ಕಲಬುರಗಿಯ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವೂ ಸೇರಿದಂತೆ ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸಿಯುಇಟಿ ಬರೆಯಬೇಕು. ಅದನ್ನು ಬರೆಯಲು ವಯಸ್ಸಿನ ಮಿತಿಯಿಲ್ಲದಿದ್ದರೂ ಆಯಾ ವಿಶ್ವವಿದ್ಯಾಲಯ ತನ್ನದೇ ಷರತ್ತು ಇಟ್ಟಿರಬಹುದಾದ್ದರಿಂದ ಅದರ ಪ್ರವೇಶ ಕೈಪಿಡಿಯನ್ನು ಬೇರೆಯಾಗಿ ಓದಬೇಕು.

ನಮ್ಮ ಭಾಗದ ಮಕ್ಕಳು ಮರೆಯುವ ಒಂದು ಸಂಗತಿಯಿದೆ. ಒಳ್ಳೆಯ ವೃತ್ತಿಪರ ಕೋರ್ಸಿಗೆ ಬೆಂಗಳೂರಿಗೇ ಹೋಗಬೇಕಾಗಿಲ್ಲ. ಹಾಸನದ ಕಾರೇಕೆರೆಯಲ್ಲಿ ಕೃಷಿ ಕಾಲೇಜು ಇದೆ, ಹಾಸನದಲ್ಲೇ ಪಶುವೈದ್ಯಕೀಯ ಕಾಲೇಜು ಇದೆ, ಮೂಡಿಗೆರೆಯಲ್ಲಿ ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ತೋಟಗಾರಿಕೆ ಕಾಲೇಜು ಇದೆ. ಕೃಷಿಕರ ಕುಟುಂಬದವರಿಗೆ ಈ ಕೋರ್ಸುಗಳಲ್ಲಿ ಪ್ರತ್ಯೇಕ ಕೋಟಾ ಇದ್ದು, ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ನಡೆಯುತ್ತದೆ. ಗದ್ದೆ ತೋಟಗಳಲ್ಲಿ ಕೆಲಸ ಮಾಡಿ ಬೆಳೆದವರು ಆ ಕೋಟಾದ ಕಾಲಂ ಅನ್ನು ಖಾಲಿ ಬಿಟ್ಟು ಸಾಮಾನ್ಯ ವರ್ಗದಲ್ಲಿ ಸ್ಪರ್ಧಿಸಿದ್ದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗಿದೆ.

ಎರಡನೇ ಸಲ ಬರೆಯುವವರ ಲೆಕ್ಕ

ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳಿಂದ ಶೇ 50 ಮತ್ತು ಸಿಇಟಿಯ ಅಂಕಗಳಿಂದ ಶೇ 50 ತೆಗೆದುಕೊಳ್ಳುತ್ತಾರೆ. ಮೂರು ವಿಷಯಗಳಿಗೆ ತಲಾ 60ರಂತೆ ಸಿಇಟಿಯ ಒಟ್ಟು ಅಂಕ 180. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಪಿಯುಸಿಯಲ್ಲಿ ಈ ಮೂರು ವಿಷಯಗಳಿಗೆ 300ಕ್ಕೆ 240 ಪಡೆದು, ಕಳೆದ ಬಾರಿ ಸಿಇಟಿಯಲ್ಲಿ 180ಕ್ಕೆ 90 ಗಳಿಸಿದವರನ್ನು ಎಣಿಸಿಕೊಳ್ಳಿ. ಪಿಯುಸಿಯಿಂದ 40, ಸಿಇಟಿಯಿಂದ 25, ಒಟ್ಟು 65. ಪಿಯುಸಿಯ 40 ಹಾಗೇ ಇದ್ದರೂ ಸಿಇಟಿಯಲ್ಲಿ ಈ ಬಾರಿ 126 ಗಳಿಸಿದರೆ ಅದರ ಪಾಲು 35ಕ್ಕೆ ಏರಿ ಒಟ್ಟು 75 ಆಗುತ್ತದೆ. ಒಂದೊಂದು ವಿಷಯದಲ್ಲಿ ಹನ್ನೆರಡು ಹೆಚ್ಚುವರಿ ಸರಿಯುತ್ತರ ಬಂದರೆ ಒಟ್ಟು ಅಂಕ ಹತ್ತು ಏರುತ್ತದೆ ಎಂದಾಯಿತು. ಪ್ರತಿದಿನ ಕಾಲೇಜು ಮುಗಿಸಿ ಎರಡು ಗಂಟೆ ಓದುವವರಿಗೂ ನಿಲುಕುವ ಗುರಿ ಇದು. ಇದಕ್ಕಾಗಿ ಕಾಲೇಜು ಬಿಟ್ಟು ಕೂರಬೇಕಾಗಿಲ್ಲ ಎಂಬುದಕ್ಕೆ ಈ ಲೆಕ್ಕವನ್ನು ಮನೆಯವರ ಮುಂದೆ ಹಾಳೆಯ ಮೇಲೆ ಬರೆದು ತೋರಿಸಿ. ನೀಟ್‌ನ ಸ್ಥಿತಿ ಬೇರೆ. ಅಲ್ಲಿ ಪಿಯುಸಿ ಅಂಕ ಅರ್ಹತೆಗೆ ಮಾತ್ರ. 180 ಪ್ರಶ್ನೆಗಳಿಗೆ 720 ಅಂಕ, ಸರಿಗೆ 4, ತಪ್ಪಿಗೆ 1 ಕಡಿತ. ಅದಕ್ಕೆ ಬೇಕಾದ ಓದಿನ ಪ್ರಮಾಣ ನಿಜವಾಗಿಯೂ ದೊಡ್ಡದು. ಆದರೂ ಹಾಜರಾತಿಯನ್ನು ಪೂರ್ತಿ ಬಲಿಕೊಡುವುದು ಸರಿಯಲ್ಲ.

ತಿಂಗಳುಗಳ ಲೆಕ್ಕವೂ ಮನಸ್ಸಿನಲ್ಲಿರಲಿ. ಜೆಇಇ ಮೇನ್‌ನ ಎರಡು ಅವಧಿಗಳು ಜನವರಿ ಮತ್ತು ಏಪ್ರಿಲ್‌ನಲ್ಲಿ ನಡೆಯುತ್ತವೆ, ಸಿಇಟಿ ಸಾಮಾನ್ಯವಾಗಿ ಏಪ್ರಿಲ್‌ನಲ್ಲಿ, ನೀಟ್ ಮೇ ತಿಂಗಳ ಆರಂಭದಲ್ಲಿ, ಸಿಯುಇಟಿ ಅದರ ಹಿಂದೆಯೇ. ಸಿಇಟಿ ಮತ್ತು ನೀಟ್ ಅರ್ಜಿಗಳು ತೆರೆಯುವ ಹೊತ್ತಿಗೆ ನಮ್ಮ ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಕಾಫಿ ಕೊಯ್ಲು ನಡೆಯುತ್ತಿರುತ್ತದೆ. ಮನೆಯವರೆಲ್ಲ ಕಣದಲ್ಲಿರುವಾಗ, ತೋಟದಲ್ಲಿ ಮೊಬೈಲಿಗೆ ಸಿಗ್ನಲ್ಲೂ ಸಿಗದಿರುವಾಗ, ಕೊನೆಯ ದಿನಾಂಕ ಕಣ್ತಪ್ಪಿ ಹೋಗುವುದು ಸುಲಭ. ಅರ್ಜಿ ತೆರೆದ ಮೊದಲ ವಾರದಲ್ಲೇ ಪಟ್ಟಣಕ್ಕೆ ಬಂದು ತುಂಬಿಬಿಡಿ. ಸೈಬರ್ ಸೆಂಟರಿನಲ್ಲಿ ತುಂಬಿಸುವುದಾದರೆ ನಿಮ್ಮದೇ ಮೊಬೈಲ್ ಸಂಖ್ಯೆ, ನಿಮ್ಮದೇ ಇ-ಮೇಲ್ ಕೊಡಿ; ಅಂಗಡಿಯವರ ಸಂಖ್ಯೆ ಕೊಟ್ಟವರು ಜುಲೈನಲ್ಲಿ ಒಟಿಪಿ ಕೇಳಿಕೊಂಡು ಅವರ ಬಾಗಿಲು ಕಾಯಬೇಕಾಗುತ್ತದೆ.

ಈಗಿನ ಕಾಲೇಜಿನಲ್ಲಿ ಹೇಗಿರಬೇಕು

ಹೊರಡುವ ಮನಸ್ಸಾದ ಮೇಲೆ ಇಲ್ಲಿಯ ಪಾಠದ ಮೇಲೆ ಆಸಕ್ತಿ ಕುಂದುವುದು ಸಹಜ. ಆದರೆ ಪದವಿ ತರಗತಿಗಳಲ್ಲಿ ಶೇ 75ರಷ್ಟು ಹಾಜರಾತಿ ಇಲ್ಲದವರಿಗೆ ಪರೀಕ್ಷೆಯ ಹಾಲ್ ಟಿಕೆಟ್ ಸಿಗುವುದಿಲ್ಲ. ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಅದು ಶೇ 85. ಹಾಲ್ ಟಿಕೆಟ್ ಇಲ್ಲದಿದ್ದರೆ ಸೆಮಿಸ್ಟರ್ ಇಲ್ಲ, ಸೆಮಿಸ್ಟರ್ ಇಲ್ಲದಿದ್ದರೆ ವರ್ಗಾವಣೆಯ ದಾರಿಯೂ ಮುಚ್ಚುತ್ತದೆ, ಹೊಸ ಸೀಟು ಸಿಗದಿದ್ದಾಗ ಹಿಂತಿರುಗುವ ದಾರಿಯೂ ಮುಚ್ಚುತ್ತದೆ. ಕೋಚಿಂಗ್‌ಗೆಂದು ರಜೆ ಹಾಕುವುದಿದ್ದರೆ ವಿಷಯವಾರು ಹಾಜರಾತಿಯನ್ನು ತಿಂಗಳಿಗೊಮ್ಮೆ ವಿಭಾಗದಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ಒಟ್ಟು ಹಾಜರಾತಿ ಚೆನ್ನಾಗಿದ್ದು ಒಂದು ಪ್ರಾಯೋಗಿಕ ತರಗತಿಯಲ್ಲಿ ಮಾತ್ರ ಕೊರತೆಯಾಗಿ ಸಿಕ್ಕಿಹಾಕಿಕೊಂಡವರೇ ಹೆಚ್ಚು.

ಒಬ್ಬ ಅಧ್ಯಾಪಕರಿಗಾದರೂ ವಿಷಯ ತಿಳಿಸಿ. ಮಕ್ಕಳು ಇದನ್ನು ಮುಚ್ಚಿಡುತ್ತಾರೆ; ಹೇಳಿದರೆ ಆಂತರಿಕ ಅಂಕ ಕಡಿಮೆ ಮಾಡುತ್ತಾರೆಂಬ ಭಯ. ನನ್ನ ಅನುಭವದಲ್ಲಿ ಅಧ್ಯಾಪಕರು ಅಂಥ ಮಕ್ಕಳಿಗೆ ಹಳೆಯ ಪ್ರಶ್ನೆಪತ್ರಿಕೆ ಹುಡುಕಿಕೊಟ್ಟಿದ್ದಾರೆಯೇ ಹೊರತು ಅಡ್ಡಿ ಮಾಡಿಲ್ಲ. ಪ್ರವೇಶ ಪರೀಕ್ಷೆಯ ದಿನವೇ ಆಂತರಿಕ ಪರೀಕ್ಷೆ ಬಂದರೆ ಮೊದಲೇ ಪ್ರವೇಶಪತ್ರದ ಪ್ರತಿ ಲಗತ್ತಿಸಿ ಪ್ರಾಂಶುಪಾಲರಿಗೆ ಮನವಿ ಬರೆಯಬಹುದು. ಗೈರುಹಾಜರಾದ ಮೇಲೆ ಬರೆಯುವ ಮನವಿಗಿಂತ ಹಿಂದಿನ ವಾರ ಬರೆದ ಮನವಿಗೆ ಬೆಲೆ ಹೆಚ್ಚು.

ದಾಖಲೆಗಳು

ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಅಂಕಪಟ್ಟಿಗಳ ಮೂಲಪ್ರತಿ ಈಗ ಯಾರ ಬಳಿ ಇದೆ ಎಂಬುದನ್ನು ಮೊದಲು ನೋಡಿ. ಪ್ರವೇಶದ ಸಮಯದಲ್ಲಿ ಮೂಲ ದಾಖಲೆಗಳನ್ನು ಪರಿಶೀಲಿಸಿ ಅಲ್ಲಿಯೇ ಹಿಂತಿರುಗಿಸಬೇಕು, ಇರಿಸಿಕೊಳ್ಳಬಾರದು ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗವು 2018ರ ಅಧಿಸೂಚನೆಯಲ್ಲಿ ಸ್ಪಷ್ಟವಾಗಿ ಹೇಳಿದೆ. ಹಾಗಿದ್ದೂ ನಿಮ್ಮ ಕಾಲೇಜಿನ ಬೀರುವಿನಲ್ಲಿ ಅವು ಉಳಿದಿದ್ದರೆ ಲಿಖಿತ ಮನವಿ ಕೊಟ್ಟು, ಕಚೇರಿಯ ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಕೇಳಿ. ಗಲಾಟೆ ಬೇಡ, ಸೀಲು ಸಾಕು. ಅಷ್ಟರಲ್ಲಿ ಡಿಜಿಲಾಕರ್‌ನಲ್ಲಿ ಸಿಗುವ ಅಂಕಪಟ್ಟಿಗಳನ್ನು ಇಳಿಸಿಟ್ಟುಕೊಂಡರೆ ಅರ್ಜಿ ತುಂಬಲು ತೊಂದರೆಯಾಗುವುದಿಲ್ಲ.

ಪಿಯು ಕಾಲೇಜಿನ ಟಿಸಿಯ ಕತೆ ಬೇರೆ. ಅದು ಪದವಿ ಕಾಲೇಜಿಗೆ ಸಲ್ಲಿಸಿಯಾಗಿದೆ, ಮರಳಿ ಬರುವುದಿಲ್ಲ. ಹೊಸ ಕಾಲೇಜಿಗೆ ಬೇಕಾಗಿರುವುದು ನೀವು ಕೊನೆಯದಾಗಿ ಓದಿದ ಸಂಸ್ಥೆಯ, ಅಂದರೆ ಈಗಿನ ಕಾಲೇಜಿನ ಟಿಸಿ. ಅರ್ಜಿಯ ಹಂತದಲ್ಲಿ ಅದು ಬೇಕಾಗುವುದಿಲ್ಲ. ಯಾರಾದರೂ ಕೇಳಿದರೆ ವ್ಯಾಸಂಗ ಪ್ರಮಾಣಪತ್ರ ಕೊಡಿ. ಅದನ್ನು ಎಷ್ಟು ಸಲ ಪಡೆದರೂ ನಿಮ್ಮ ಸೀಟಿಗೆ ಧಕ್ಕೆಯಿಲ್ಲ.

ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನು ಕಳೆದ ವರ್ಷವೇ ಮಾಡಿಸಿದ್ದರೂ ಅದರ ಅವಧಿ ಮುಗಿದಿದೆಯೇ ಎಂದು ನೋಡಿ. ಅರ್ಜಿಯಲ್ಲಿ ಅದರ ಆರ್‌ಡಿ ಸಂಖ್ಯೆಯನ್ನೇ ತಾಳೆ ನೋಡುವುದರಿಂದ, ಪ್ರಮಾಣಪತ್ರದ ಹೆಸರೂ ಅಂಕಪಟ್ಟಿಯ ಹೆಸರೂ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಅಂಕಪಟ್ಟಿಯಲ್ಲಿ "ಎಚ್. ಆರ್." ಎಂಬ ಇನಿಷಿಯಲ್ ಹಿಂದೆ, ಪ್ರಮಾಣಪತ್ರದಲ್ಲಿ ಮುಂದೆ ಇದ್ದುದರಿಂದ ಹುಡುಗಿಯೊಬ್ಬಳು ನಾಡಕಚೇರಿಗೆ ನಾಲ್ಕು ಸಲ ಬಸ್ಸು ಹತ್ತಿದ್ದನ್ನು ನಾನು ಕಂಡಿದ್ದೇನೆ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲೋ ಕನ್ನಡ ಮಾಧ್ಯಮದಲ್ಲೋ ಓದಿದವರಿಗೆ ಸಿಇಟಿ ಸೀಟು ಹಂಚಿಕೆಯಲ್ಲಿ ಗ್ರಾಮೀಣ ಕೋಟಾ ಶೇ 15, ಕನ್ನಡ ಮಾಧ್ಯಮ ಕೋಟಾ ಶೇ 5 ಇದೆ. ಈಗ ಪಟ್ಟಣದ ಪದವಿ ಕಾಲೇಜಿನಲ್ಲಿದ್ದೀರಿ ಎಂಬ ಕಾರಣಕ್ಕೆ ಆ ಹಕ್ಕು ಹೋಗುವುದಿಲ್ಲ.

ಇಲ್ಲೊಂದು ಎಚ್ಚರಿಕೆ. ಈಗಿನ ಕಾಲೇಜಿನ ವಿಷಯವನ್ನೇ ಮುಚ್ಚಿಟ್ಟು, "ಪಿಯುಸಿ ನಂತರ ಎಲ್ಲಿಯೂ ಓದಿಲ್ಲ" ಎಂದು ಛಾಪಾ ಕಾಗದದ ಮೇಲೆ ಪ್ರಮಾಣ ಮಾಡಿಸಿಕೊಳ್ಳಿ ಎಂದು ಸಲಹೆ ಕೊಡುವವರು ಸಿಗುತ್ತಾರೆ. ದಯವಿಟ್ಟು ಅವರ ಮಾತು ಕೇಳಬೇಡಿ. ಅದು ಸುಳ್ಳು ಪ್ರಮಾಣ. ರಾಜ್ಯದ ವಿಶ್ವವಿದ್ಯಾಲಯಗಳ ಪ್ರವೇಶ ಯುಯುಸಿಎಂಎಸ್ ಜಾಲತಾಣದಲ್ಲಿ ದಾಖಲಾಗಿರುತ್ತದೆ, ನಿಮ್ಮ ಕ್ರೆಡಿಟ್‌ಗಳು ಅಪಾರ್ ಎಂಬ ವಿದ್ಯಾರ್ಥಿ ಗುರುತಿನ ಸಂಖ್ಯೆಯಡಿ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನಲ್ಲಿ ಸೇರುತ್ತವೆ. ಒಂದು ವರ್ಷ ಬೇರೆಡೆ ಓದಿದ್ದು ಅಪರಾಧವಲ್ಲ, ಅದನ್ನು ಅಡಗಿಸುವ ಅಗತ್ಯವೇ ಇಲ್ಲ. ಸಂದರ್ಶನ ನಡೆಸುವ ಖಾಸಗಿ ವಿಶ್ವವಿದ್ಯಾಲಯಗಳಲ್ಲಂತೂ ಈ ಪ್ರಶ್ನೆ ಬಂದೇ ಬರುತ್ತದೆ; ಈಗಿನ ಕಾಲೇಜನ್ನು ದೂರದೆ, ಈ ವರ್ಷ ಏನು ಓದಿದೆ, ಅದರಿಂದ ಹೊಸ ಕೋರ್ಸಿನ ಕಡೆ ಮನಸ್ಸು ಹೇಗೆ ತಿರುಗಿತು ಎಂಬುದನ್ನು ನೇರವಾಗಿ ಹೇಳಿದರೆ ಸಾಕು.

ಮೂರನೇ ಸೆಮಿಸ್ಟರಿಗೆ ವರ್ಗಾವಣೆ

ಈ ದಾರಿಯಲ್ಲಿ ಅರ್ಜಿ ನಮೂನೆಗಿಂತ ಓಡಾಟ ಹೆಚ್ಚು. ಮೊದಲು ಹೋಗಬೇಕೆಂದಿರುವ ಕಾಲೇಜಿನಲ್ಲಿ ನಿಮ್ಮ ವಿಷಯಗಳಿಗೆ ದ್ವಿತೀಯ ವರ್ಷದಲ್ಲಿ ಸೀಟು ಖಾಲಿ ಇದೆಯೇ ಎಂದು ಸ್ವತಃ ಹೋಗಿ ಕೇಳಿ, ಇದ್ದರೆ ಪ್ರಾಂಶುಪಾಲರಿಂದ ಒಪ್ಪಿಗೆ ಪತ್ರ ಪಡೆಯಿರಿ. ಅದರ ಆಧಾರದ ಮೇಲೆ ಈಗಿನ ಕಾಲೇಜು ನಿರಾಕ್ಷೇಪಣಾ ಪತ್ರ ಕೊಡುತ್ತದೆ. ಇವೆರಡರ ಜೊತೆಗೆ ಎರಡೂ ಸೆಮಿಸ್ಟರುಗಳ ಅಂಕಪಟ್ಟಿ ಮತ್ತು ಪಠ್ಯಕ್ರಮದ ಪ್ರತಿಯನ್ನು ಸೇರುವ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿ, ತತ್ಸಮಾನತೆ ಮತ್ತು ಅರ್ಹತೆಗೆ ಅರ್ಜಿ ಹಾಕಬೇಕು. ಮೈಸೂರು ವಿಶ್ವವಿದ್ಯಾಲಯವಾದರೆ ಕ್ರಾಫರ್ಡ್ ಭವನಕ್ಕೆ, ಕುವೆಂಪು ವಿಶ್ವವಿದ್ಯಾಲಯವಾದರೆ ಶಂಕರಘಟ್ಟಕ್ಕೆ ಒಮ್ಮೆಯಾದರೂ ಹೋಗಲು ತಯಾರಿರಿ. ನೀವು ಬಿಡುತ್ತಿರುವ ವಿಶ್ವವಿದ್ಯಾಲಯದಿಂದ ವಲಸೆ ಪ್ರಮಾಣಪತ್ರವೂ ಬೇಕು. ಎಲ್ಲರೂ ಮೈಗ್ರೇಷನ್ ಎನ್ನುವುದು ಇದನ್ನೇ. ಟಿಸಿ ಕೊಡುವುದು ಕಾಲೇಜು, ಮೈಗ್ರೇಷನ್ ಕೊಡುವುದು ವಿಶ್ವವಿದ್ಯಾಲಯ. ಒಂದಿದ್ದರೆ ಇನ್ನೊಂದು ಬೇಡವೆಂದಲ್ಲ.

ಇವುಗಳಲ್ಲಿ ಹೆಚ್ಚು ಮುಖ್ಯವಾದದ್ದು ಪಠ್ಯಕ್ರಮ. ವಿಷಯದ ಹೆಸರು ಒಂದೇ ಇದ್ದರೆ ಸಾಲದು, ಘಟಕಗಳೂ ಕ್ರೆಡಿಟ್‌ಗಳೂ ಹೊಂದಬೇಕು. ಅದನ್ನು ಅಲ್ಲಿಯ ಅಧ್ಯಯನ ಮಂಡಳಿಯವರು ನೋಡುತ್ತಾರೆ. ನೀವು ಓದಿದ ವರ್ಷದ ಪಠ್ಯಕ್ರಮವನ್ನೇ, ಪುಟಪುಟಕ್ಕೂ ಪ್ರಾಂಶುಪಾಲರ ದೃಢೀಕರಣ ಹಾಕಿಸಿ ಕೊಡಿ. ರಾಜ್ಯದಲ್ಲಿ 2021-22ರಲ್ಲಿ ಹೊಸ ಶಿಕ್ಷಣ ನೀತಿಯ ಪಠ್ಯಕ್ರಮ ಬಂತು, 2024-25ರಿಂದ ಮತ್ತೆ ಮೂರು ವರ್ಷದ ಪದವಿಯ ಕ್ರಮಕ್ಕೆ ಮರಳಲಾಯಿತು. ಹೀಗಾಗಿ ಜಾಲತಾಣದಲ್ಲಿ ಒಂದೇ ವಿಷಯಕ್ಕೆ ಎರಡು ಮೂರು ಪಠ್ಯಕ್ರಮಗಳು ಸಿಗುತ್ತವೆ. ಹಳೆಯದನ್ನು ಮುದ್ರಿಸಿಕೊಂಡು ಹೋದರೆ ಕಡತ ಅಲ್ಲಿಗೇ ನಿಲ್ಲುತ್ತದೆ. ಹೊಂದದ ಪತ್ರಿಕೆ ಒಂದೋ ಎರಡೋ ಇದ್ದರೆ ಅವನ್ನು ಹೆಚ್ಚುವರಿಯಾಗಿ ಬರೆಯಿರಿ ಎನ್ನಬಹುದು. ಅದಕ್ಕೆ ಒಪ್ಪಿಕೊಳ್ಳಿ. ಮೂರನೇ ಸೆಮಿಸ್ಟರಿನ ತರಗತಿಗಳು ಆರಂಭವಾಗಿ ಬಹಳ ದಿನ ಕಳೆದರೆ ಹಾಜರಾತಿಯ ಪ್ರಶ್ನೆ ಏಳುವುದರಿಂದ, ಎರಡನೇ ಸೆಮಿಸ್ಟರಿನ ಪರೀಕ್ಷೆ ಮುಗಿದ ಮರುವಾರವೇ ಓಡಾಟ ಶುರುಮಾಡಿ.

ಇನ್ನೊಂದು ದಾರಿಯನ್ನೂ ಹೇಳಿಬಿಡುತ್ತೇನೆ. ಅನುದಾನ ಆಯೋಗವು 2022ರ ಏಪ್ರಿಲ್‌ನಲ್ಲಿ ಎರಡು ಪದವಿಗಳನ್ನು ಏಕಕಾಲದಲ್ಲಿ ಓದಲು ಅವಕಾಶ ಕೊಟ್ಟಿದೆ. ಎರಡೂ ಕಾಲೇಜಿಗೆ ಹೋಗಿ ಓದುವವಾದರೆ ತರಗತಿಯ ವೇಳೆ ಒಂದರ ಮೇಲೊಂದು ಬರಬಾರದು, ಇಲ್ಲವೇ ಒಂದನ್ನು ದೂರಶಿಕ್ಷಣದಲ್ಲಿ ಮಾಡಬಹುದು. ಬಿ.ಕಾಂ. ಓದುತ್ತಲೇ ಕನ್ನಡ ಸಾಹಿತ್ಯವನ್ನೋ ಇತಿಹಾಸವನ್ನೋ ಓದುವ ಆಸೆಯಿಂದ ಕಾಲೇಜು ಬಿಡಲು ಹೊರಟವರಿಗೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಕಡೆ ಒಮ್ಮೆ ನೋಡಿ ಎನ್ನುತ್ತೇನೆ.

ಹಣದ ವಿಚಾರ

ಈ ವರ್ಷ ಕಟ್ಟಿದ ಶುಲ್ಕ ಮರಳಿ ಬರುತ್ತದೆಂದು ನಂಬಿ ಲೆಕ್ಕ ಹಾಕಬೇಡಿ. ಆಯೋಗದ 2018ರ ಅಧಿಸೂಚನೆಯಂತೆ, ಪ್ರವೇಶಕ್ಕೆ ಘೋಷಿಸಿದ ಕೊನೆಯ ದಿನಕ್ಕೆ 15 ದಿನ ಅಥವಾ ಅದಕ್ಕಿಂತ ಮೊದಲೇ ಸೀಟು ಬಿಟ್ಟರೆ ಪೂರ್ತಿ ಶುಲ್ಕ (ಗರಿಷ್ಠ ಶೇ 5, ಅದೂ 5,000 ರೂಪಾಯಿ ಮೀರದಂತೆ, ಸಂಸ್ಥೆ ಹಿಡಿದುಕೊಳ್ಳಬಹುದು), ಕೊನೆಯ ದಿನಕ್ಕೆ 15 ದಿನಗಳ ಒಳಗೆ ಬಿಟ್ಟರೆ ಶೇ 90, ಕೊನೆಯ ದಿನದ ನಂತರ 15 ದಿನಗಳೊಳಗೆ ಶೇ 80, 16ರಿಂದ 30 ದಿನಗಳಲ್ಲಿ ಶೇ 50, ಅದರ ಮೇಲೆ ಏನೂ ಇಲ್ಲ. ಮಾರ್ಚ್‌ನಲ್ಲೋ ಜುಲೈನಲ್ಲೋ ಬಿಡುವವರು ಈ ಕೊನೆಯ ಸಾಲಿನವರು. ಆದರೆ ಮುಂಗಡವಾಗಿಟ್ಟ ಕಾಷನ್ ಡಿಪಾಸಿಟ್ ಈ ಲೆಕ್ಕದಿಂದ ಹೊರಗಿನದು, ಅದನ್ನು ಕೇಳಿ ಪಡೆಯಿರಿ.

ಇಕ್ಕಟ್ಟು ಹುಟ್ಟುವುದು ಜುಲೈ, ಆಗಸ್ಟ್‌ನಲ್ಲಿ. ಒಂದು ಕಡೆ ದ್ವಿತೀಯ ವರ್ಷದ ಶುಲ್ಕ ಕಟ್ಟಲು ನೋಟಿಸು, ಇನ್ನೊಂದು ಕಡೆ ಸಿಇಟಿ ಸೀಟು ಹಂಚಿಕೆ. ಸೀಟು ಹಂಚಿಕೆಯ ವೇಳಾಪಟ್ಟಿಯನ್ನು ಲಗತ್ತಿಸಿ ಎರಡು ಮೂರು ವಾರ ಕಾಲಾವಕಾಶ ಕೋರಿ ಪ್ರಾಂಶುಪಾಲರಿಗೆ ಬರೆಯಿರಿ. ಕಂತಿನಲ್ಲಿ ಕಟ್ಟಲು ಬಿಟ್ಟರೆ ಮೊದಲ ಕಂತು ಮಾತ್ರ ಕಟ್ಟಿ. ವಿದ್ಯಾರ್ಥಿವೇತನ ಪಡೆಯುತ್ತಿದ್ದರೆ ರಾಜ್ಯ ವಿದ್ಯಾರ್ಥಿವೇತನ ಜಾಲತಾಣದಲ್ಲಿ ಹಳೆಯ ಕೋರ್ಸಿನ ಹೆಸರಿನಲ್ಲಿ ಹೊಸ ಅರ್ಜಿ ಹಾಕಬೇಡಿ. ಬ್ಯಾಂಕ್ ಸಾಲವಿದ್ದರೆ ಅದು ಕೋರ್ಸಿಗೂ ಸಂಸ್ಥೆಗೂ ಕಟ್ಟುಬಿದ್ದದ್ದು, ಕಾಲೇಜು ಬಿಡುವ ಮುನ್ನವೇ ಶಾಖೆಗೆ ತಿಳಿಸಬೇಕು.

ಸೀಟು ಹಂಚಿಕೆಯ ದಿನಗಳು

ಮೊದಲ ಸಲ ಸಿಇಟಿ ಬರೆದವರಿಗೆ "ಎಷ್ಟು ಹೆಚ್ಚು ಆಪ್ಷನ್ ತುಂಬಿದರೆ ಅಷ್ಟು ಒಳ್ಳೆಯದು" ಎಂದು ಹೇಳುತ್ತೇವೆ. ನಿಮಗೆ ನನ್ನ ಸಲಹೆ ಇದಕ್ಕೆ ತದ್ವಿರುದ್ಧ. ಕೈಯಲ್ಲಿ ಒಂದು ಸೀಟು ಇರುವುದರಿಂದ, ಯಾವ ಕಾಲೇಜಿಗಾಗಿ ಈಗಿನದನ್ನು ನಿಜಕ್ಕೂ ಬಿಡುತ್ತೀರೋ ಅಂಥವನ್ನು ಮಾತ್ರ ಇಷ್ಟದ ಕ್ರಮದಲ್ಲಿ ತುಂಬಿ. ಪಟ್ಟಿಯ ತುದಿಯಲ್ಲಿ "ಇರಲಿ" ಎಂದು ಸೇರಿಸಿದ ಕಾಲೇಜು ಸಿಕ್ಕಿ, ಮನೆಯವರ ಮಾತಿಗೆ ಕಟ್ಟುಬಿದ್ದು ಅದಕ್ಕೇ ಸೇರಿ, ಇಲ್ಲಿಯದಕ್ಕಿಂತ ಕಡಿಮೆಯದನ್ನು ಓದುತ್ತಿರುವವರನ್ನು ಬಲ್ಲೆ. ಅಣಕು ಸೀಟು ಹಂಚಿಕೆಯ ಫಲಿತಾಂಶ ಬಂದಾಗ ಪಟ್ಟಿಯನ್ನು ಮತ್ತೊಮ್ಮೆ ತಿದ್ದಿ. ನಿಜವಾದ ಹಂಚಿಕೆಯಾದ ಮೇಲೆ ನಾಲ್ಕು ಆಯ್ಕೆಗಳಿರುತ್ತವೆ: ಸೀಟು ಒಪ್ಪಿ ಸೇರುವುದು ಒಂದನೆಯದು, ಒಪ್ಪಿಕೊಂಡು ಇನ್ನೂ ಮೇಲಿನದಕ್ಕೆ ಕಾಯುವುದು ಎರಡನೆಯದು, ಒಪ್ಪದೆ ಮುಂದಿನ ಸುತ್ತಿಗೆ ಹೋಗುವುದು ಮೂರನೆಯದು, ಪೂರ್ತಿ ಹೊರಬರುವುದು ನಾಲ್ಕನೆಯದು. ಕೈಯಲ್ಲಿ ಸೀಟಿಲ್ಲದವರಿಗೆ ಮೂರನೆಯದೂ ನಾಲ್ಕನೆಯದೂ ಭಯ ಹುಟ್ಟಿಸುತ್ತವೆ. ನೀವು ನಿಶ್ಚಿಂತೆಯಿಂದ ಅವನ್ನು ಒತ್ತಬಹುದು. ಮಳೆಗಾಲದಲ್ಲಿ ಮಲೆನಾಡಿನ ಹಳ್ಳಿಗಳಲ್ಲಿ ಎರಡು ಮೂರು ದಿನ ಕರೆಂಟು ಹೋಗುವುದು ಹೊಸದಲ್ಲ. ಆಯ್ಕೆ ದಾಖಲಿಸುವ ಅವಧಿಯಷ್ಟೂ ದಿನ ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ನೆಂಟರ ಮನೆಯಲ್ಲಿ ಇದ್ದುಬಿಡಿ.

ಬೇಕಾದ ಸೀಟು ಸಿಕ್ಕಿತು, ಶುಲ್ಕ ಕಟ್ಟಿದಿರಿ, ಪ್ರವೇಶ ಆದೇಶ ಇಳಿಸಿಕೊಂಡಿರಿ ಎಂದಾದ ಮೇಲೆ ಟಿಸಿಯ ಸರದಿ. ವರದಿ ಮಾಡಿಕೊಳ್ಳಲು ಕೆಲವೇ ದಿನ ಕೊಟ್ಟಿರುತ್ತಾರೆ. ಆದ್ದರಿಂದ ಗ್ರಂಥಾಲಯದ ಪುಸ್ತಕ, ಪ್ರಯೋಗಾಲಯದ ಸಾಮಾನು, ಹಾಸ್ಟೆಲ್ ಬಾಕಿ ಎಲ್ಲವನ್ನೂ ಹಿಂದಿನ ತಿಂಗಳೇ ಚುಕ್ತಾ ಮಾಡಿ, ನೋ ಡ್ಯೂ ನಮೂನೆಯನ್ನು ತುಂಬಿ ಇಟ್ಟುಕೊಂಡಿದ್ದರೆ ಒಂದೇ ದಿನದಲ್ಲಿ ಕೆಲಸ ಮುಗಿಯುತ್ತದೆ. ಟಿಸಿ ಕೈಗೆ ಬಂದ ತಕ್ಷಣ ಕಿಟಕಿಯ ಎದುರಿನಲ್ಲಿಯೇ ನಿಂತು ಓದಿ: ಹೆಸರು, ಜನ್ಮದಿನಾಂಕ, ಓದಿದ ತರಗತಿ, ಕಾಲೇಜು ಬಿಡಲು ಕಾರಣ. ಆ ಕೊನೆಯ ಕಾಲಂನಲ್ಲಿ "ಉನ್ನತ ವ್ಯಾಸಂಗ" ಎಂದು ರೂಢಿಯಂತೆ ಬರೆದುಬಿಟ್ಟರೆ ಪದವಿ ಮುಗಿಸಿದಂತೆ ಕಾಣುತ್ತದೆ. ಪ್ರಥಮ ವರ್ಷದ ನಂತರ ಬೇರೆ ಕೋರ್ಸಿಗೆ ಪ್ರವೇಶ ಪಡೆದ ಕಾರಣ ಎಂದು ಬರೆಸಿ. ಯುಯುಸಿಎಂಎಸ್‌ನಲ್ಲಿಯೂ ಪ್ರವೇಶ ರದ್ದಾದುದನ್ನು ದಾಖಲಿಸಲು ಹೇಳಿ, ಆಗಿದೆಯೇ ಎಂದು ನಿಮ್ಮ ಲಾಗಿನ್‌ನಲ್ಲಿ ನೋಡಿ. ಟಿಸಿಯ ನಾಲ್ಕು ನೆರಳಚ್ಚು ಪ್ರತಿ ಮಾಡಿಸಿಕೊಂಡ ಮೇಲೆಯೇ ಮೂಲಪ್ರತಿಯನ್ನು ಹೊಸ ಕಾಲೇಜಿಗೆ ಕೊಡಿ.

ಸೀಟು ಸಿಗದಿದ್ದರೆ ಯಾವ ಕಚೇರಿಗೂ ಹೋಗಬೇಕಾಗಿಲ್ಲ, ಯಾರಿಗೂ ಏನನ್ನೂ ವಿವರಿಸಬೇಕಾಗಿಲ್ಲ. ದ್ವಿತೀಯ ವರ್ಷದ ಶುಲ್ಕ ಕಟ್ಟಿ, ಮೂರನೇ ಸೆಮಿಸ್ಟರಿನ ತರಗತಿಗೆ ಬಂದು ಕುಳಿತುಕೊಳ್ಳಿ. ಹಾಜರಿ ಕರೆಯುವಾಗ ನಿಮ್ಮ ಹೆಸರು ಅದೇ ಕ್ರಮಸಂಖ್ಯೆಯಲ್ಲಿ ಬರುತ್ತದೆ.